ಜೂನ್ ಒಂದರ ಕಾಲಂ

ನಾನು ಒಂದು ಕಾಲಂ. ಆಸ್ಪತ್ರೆಯೊಂದರ ಕಂಪ್ಯೂಟರ್ ಪರದೆಯ ಮೇಲೆ ಮೇಲಿನಿಂದ ಕೆಳಗೆ ಇಳಿಯುವ ಪಟ್ಟಿ. ನನ್ನ ತಲೆಯ ಮೇಲೆ ‘ಜನ್ಮ ದಿನಾಂಕ’ ಎಂದು ಬರೆದಿದೆ. ನನ್ನ ಅಗಲ ತೊಂಬತ್ತು ಚುಕ್ಕೆ. ಅದಕ್ಕಿಂತ ಹೆಚ್ಚಿನ ಆಸ್ತಿ ನನಗಿಲ್ಲ. ತಾರೀಖನ್ನು ಬಿಟ್ಟು ಬೇರೆ ಏನನ್ನು ಕೊಟ್ಟರೂ ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗೆ ಮಾಡಿ ಇಟ್ಟಿದ್ದಾರೆ, ಹಾಗೇ ಇದ್ದೇನೆ.

ನನ್ನ ಹುಟ್ಟು ಹುಬ್ಬಳ್ಳಿಯಲ್ಲಿ ಆಯಿತು. ಅಲ್ಲಿ ಒಂದು ನೋಟ್‌ಬುಕ್ ಅಂಗಡಿ, ಅದರ ಮಾಳಿಗೆಯ ಮೇಲೆ ಎರಡು ಕೋಣೆ. ಆ ಕೋಣೆಗಳಲ್ಲಿ ಕೂತು ಶೈಲಜಾ ಕಮ್ಮಾರ ಎಂಬ ಹುಡುಗಿ ಸಣ್ಣ ಆಸ್ಪತ್ರೆ, ಶಾಲೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದಳು. ಕೆಲಸ ಮಾಡುವಾಗ ಹುರಿದ ಶೇಂಗಾ ತಿನ್ನುವುದು ಅವಳ ಅಭ್ಯಾಸ. ನನ್ನನ್ನು ಮಾಡುವಾಗಲೂ ತಿನ್ನುತ್ತಿದ್ದಳು.

ನನ್ನ ಮನೆತನದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಡೇಟಾಬೇಸ್ ಎಂಬುದು ಉಗ್ರಾಣ. ರೋಗಿಗಳ ವಿವರವೆಲ್ಲ ಅದರಲ್ಲಿ ಇರುತ್ತದೆ. ಕ್ವೆರಿ ಎಂಬುದು ಉಗ್ರಾಣಕ್ಕೆ ಕಳಿಸುವ ಚೀಟಿ. ‘ಸಿದ್ಧವಾಗಿರುವ, ಇನ್ನೂ ಕೈಗೆ ಕೊಡದ ವರದಿಗಳನ್ನಷ್ಟೇ ಕಳಿಸು’ ಎಂದು ಬರೆದರೆ ಅಷ್ಟೇ ಬರುತ್ತದೆ. ಬಂದದ್ದನ್ನು ಸಾಲಿಗೊಬ್ಬರಂತೆ ಜೋಡಿಸಿ ತೋರಿಸುವ ಕೋಷ್ಟಕವೇ ಗ್ರಿಡ್. ಆ ಗ್ರಿಡ್‌ನಲ್ಲಿ ನಾವು ಏಳು ಕಾಲಂಗಳು: ಸಂಖ್ಯೆ, ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ನಾನು, ಪರೀಕ್ಷೆ, ವರದಿಯ ಸ್ಥಿತಿ. ಉಗ್ರಾಣ ಕೊಟ್ಟದ್ದೆಲ್ಲ ಪರದೆಗೆ ಬರುತ್ತದೆ ಎಂದುಕೊಳ್ಳಬೇಡಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮಲ್ಲಿ ಗ್ರಿಡ್ಡೇ ಪೂಜಾರಿ.

ಹುಟ್ಟಿದಾಗ ನನ್ನ ರೂಪ ನೋಡುವಂತಿರಲಿಲ್ಲ. ತಲೆಯ ಮೇಲೆ ‘ಪಿಟಿ ಡಿಓಬಿ’ ಎಂಬ ಹೆಸರಿತ್ತು. ವರ್ಷ ಮುಂದೆ, ತಿಂಗಳು ನಡುವೆ, ತಾರೀಖು ಕೊನೆಗೆ, ಅದರ ಬಾಲಕ್ಕೆ ಗಂಟೆ, ನಿಮಿಷ, ಸೆಕೆಂಡುಗಳ ಆರು ಸೊನ್ನೆ. ಶೈಲಜಾ ಬಾಲ ಕತ್ತರಿಸಿದಳು. ತಾರೀಖನ್ನು ಮುಂದಕ್ಕೆ ತಂದಳು. ಹೆಸರು ಬದಲಿಸಿದಳು. ಅಂಕಿಗಳನ್ನು ಮಧ್ಯಕ್ಕೆ ಸರಿಸಿ, ಅಗಲ ಅಳೆದು ಕೊಟ್ಟಳು. “ಈಗ ಮನಷ್ಯಾನಂಗ ಕಾಣ್ತಿ ನೋಡು,” ಎಂದಳು. ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು, ಅದೇ ಕೊನೆ.

ಆಸ್ಪತ್ರೆ ಇರುವುದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿಯ ಊರಲ್ಲಿ. ಧರ್ಮದ ಆಸ್ಪತ್ರೆ, ಸುತ್ತಲಿನ ಹಳ್ಳಿಗಳವರು ಬರುತ್ತಾರೆ. ಅಲ್ಲಿ ನಾನು ಬಿದ್ದದ್ದು ಪ್ರಯೋಗಾಲಯದ ಕಿಟಕಿಯಲ್ಲಿ ಕೂರುವ ದಾವಲಸಾಬ ನದಾಫ ಅವರ ಕೈಗೆ. ಐವತ್ತೈದರ ಆಸುಪಾಸಿನ ಮನುಷ್ಯ. ರಕ್ತ ತೆಗೆಯುವುದರಲ್ಲಿ ಹೆಸರು ಮಾಡಿದವರು, ಕೈ ನಡುಗತೊಡಗಿದ ಮೇಲೆ ವರದಿ ಕೊಡುವ ಕಿಟಕಿಗೆ ಬಂದವರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನನ್ನನ್ನು ತೋರುಬೆರಳಿನಿಂದ ಮುಟ್ಟಿಯೇ ಓದುತ್ತಿದ್ದರು. ಪರದೆಯ ಮೇಲೆ ನನ್ನ ಜಾಗದಲ್ಲಿ ಸದಾ ಒಂದು ಜಿಡ್ಡಿನ ಗುರುತು ಇರುತ್ತಿತ್ತು.

ಆ ಕಿಟಕಿಯ ಪರದೆ ಯಾರೋ ದಾನ ಕೊಟ್ಟದ್ದು, ಹಳೆಯದು, ಚೌಕಾಕಾರದ್ದು. ನಾವು ಏಳು ಜನ ಅದರಲ್ಲಿ ಹಿಡಿಸಲಿಲ್ಲ. ತಿಂಗಳೊಳಗೆ ಶೈಲಜಾಳಿಗೆ ಬುಲಾವು ಹೋಯಿತು.

“ತಂಗಿ, ಈ ಕಡೆ ಸರಿಸಿದ್ರ ಹೆಸರು ಕಾಣೂದಿಲ್ಲ, ಆ ಕಡೆ ಸರಿಸಿದ್ರ ಟೆಸ್ಟ್ ಕಾಣೂದಿಲ್ಲ,” ಎಂದರು ದಾವಲಸಾಬ. “ದಿನಾ ನೂರು ಮಂದಿ ನಿಂತಿರ್ತಾರ. ಏನರ ಮಾಡಿ ಎಲ್ಲಾ ಒಂದ ಕಡೆ ಕೂಡ್ರಸು.”

“ಎರಡು ಕಾಲಂ ಮುಚ್ಚಿಬಿಡ್ಲೇನು ಕಾಕಾ? ಗಂಡನ ಹೆಸರು, ಊರು. ಒಳಗ ಇರ್ತಾವ, ಕಾಣೂದಿಲ್ಲ ಅಷ್ಟ.”

“ಒಂದ ಹೆಸರಿನವರು ಇಬ್ಬರು ಬಂದ್ರ?”

“ಜನ್ಮ ದಿನಾಂಕ ಐತೆಲ್ಲ. ಹೆಸರು, ಜನ್ಮ ದಿನಾಂಕ ಎರಡೂ ಕೂಡಿದ್ರ ಮುಗೀತು. ದೊಡ್ಡ ದೊಡ್ಡ ಆಸ್ಪತ್ರ್ಯಾಗೂ ಹಂಗ ಕೇಳ್ತಾರ.”

ದಾವಲಸಾಬ ಸುಮ್ಮನಾದರು. ಓದಿದ ಹುಡುಗಿ ಹೇಳುತ್ತಾಳೆ, ಇರಬಹುದು ಎಂದುಕೊಂಡರು. ಶೈಲಜಾ ಎರಡು ಕಡೆ ಒಂದೊಂದು ಪದ ಬದಲಿಸಿದಳು. ನನ್ನ ಎಡಕ್ಕಿದ್ದ ಇಬ್ಬರು ಮಾಯವಾದರು. ಗ್ರಿಡ್‌ನಲ್ಲಿ ಕಾಣುವುದೇ ವರದಿಯ ಕಾಗದದ ಮೇಲೂ ಮೂಡುವಂತೆ ಅವಳು ಮೊದಲೇ ಬರೆದಿಟ್ಟಿದ್ದಳು. ಹೀಗಾಗಿ ಕಾಗದದಿಂದಲೂ ಗಂಡನ ಹೆಸರು ಮತ್ತು ಊರು ಹೋದವು. ನಾನು ಹೆಸರಿನ ಪಕ್ಕಕ್ಕೇ ಬಂದು ನಿಂತೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಉಬ್ಬಿದೆ. ಗುರುತು ಹಿಡಿಯುವ ಕೆಲಸ ಪೂರ್ತಿ ನನ್ನ ಮೇಲೆ ಬಿತ್ತಲ್ಲ ಎಂಬ ಹೆಮ್ಮೆ.

ಚೀಟಿಯ ಸಂಖ್ಯೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಮಾದರಿ ಕೊಟ್ಟ ದಿನ ಒಂದು ಸಣ್ಣ ಚೀಟಿ ಕೊಡುತ್ತಿದ್ದರು. ಹೆಂಗಸರು ಅದನ್ನು ಸೆರಗಿನ ಗಂಟಿಗೆ ಕಟ್ಟಿ, ಸೀರೆಯ ಜೊತೆ ಒಗೆದು, ಹಿಟ್ಟಾದದ್ದನ್ನು ತಂದು ತೋರಿಸುತ್ತಿದ್ದರು. ಗಂಡಸರು ಎಲೆಯಡಿಕೆ ಸುತ್ತಿರುತ್ತಿದ್ದರು. ದಾವಲಸಾಬ ಚೀಟಿ ಕೇಳುವುದನ್ನೇ ಬಿಟ್ಟರು. “ಕಾರ್ಡ್ ತೋರಸ್ರಿ,” ಎನ್ನುತ್ತಿದ್ದರು. ಆಧಾರ್ ಕಾರ್ಡಿನ ಹೆಸರು, ತಾರೀಖು, ಪರದೆಯ ಹೆಸರು, ತಾರೀಖು. ಎರಡೂ ತಾಳೆಯಾದರೆ ವರದಿ ಕೈಗೆ.

ಇಲ್ಲಿಯೇ ನನ್ನ ಊನ ಇರುವುದು. ನಮ್ಮ ಸೀಮೆಯಲ್ಲಿ ಒಂದು ವಯಸ್ಸಿನವರ ಜನ್ಮ ದಿನಾಂಕ ಎಂದರೆ ಜೂನ್ ಒಂದು. ಮಕ್ಕಳನ್ನು ಶಾಲೆಗೆ ಹಾಕಲು ಕರೆದೊಯ್ದಾಗ ಹುಟ್ಟಿದ್ದು ಯಾವಾಗ ಎಂದು ಮಾಸ್ತರು ಕೇಳುತ್ತಿದ್ದರು. ಶೀಗಿ ಹುಣ್ಣಿಮೆಯ ಮುಂಚೆ, ದೊಡ್ಡ ಮಳೆಯಾಗಿ ಗೋಡೆ ಬಿದ್ದ ವರ್ಷ ಎಂದು ತಾಯಿ ಹೇಳುತ್ತಿದ್ದಳು. ಗೋಡೆ ಬಿದ್ದ ವರ್ಷವನ್ನು ರಿಜಿಸ್ಟರಿನಲ್ಲಿ ಬರೆಯುವುದು ಹೇಗೆ? ಮಾಸ್ತರು ಕೂಸಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು. ಶಾಲೆ ಸುರುವಾಗುವುದು ಜೂನ್ ಒಂದಕ್ಕೆ. ಅಲ್ಲಿಂದ ಆರು ವರ್ಷ ಹಿಂದಕ್ಕೆ ಎಣಿಸಿ ಬರೆದುಬಿಡುತ್ತಿದ್ದರು. ಯಾರಿಗೂ ನಷ್ಟವಿರಲಿಲ್ಲ. ಎರಡು ವರ್ಷ ಕಲಿತು ಶಾಲೆ ಬಿಟ್ಟವರಿಗೂ ಆ ತಾರೀಖು ಅಂಟಿಕೊಂಡಿತು. ಶಾಲೆಯ ದಾಖಲೆಯಿಂದ ರೇಷನ್ ಕಾರ್ಡಿಗೆ, ಅಲ್ಲಿಂದ ಆಧಾರಿಗೆ, ಅಲ್ಲಿಂದ ನನಗೆ.

ಇದು ಯಾರಿಗೂ ಗೊತ್ತಿರದ ಗುಟ್ಟೇನಲ್ಲ. ಶೈಲಜಾ ಹುರುಪಿಗೆ ಒಂದು ಸೌಲಭ್ಯ ಬರೆದಿದ್ದಳು: ರೋಗಿಗಳ ಹುಟ್ಟುಹಬ್ಬದ ದಿನ ಅವರ ಮೊಬೈಲಿಗೆ ಆಸ್ಪತ್ರೆಯಿಂದ ಶುಭಾಶಯ. ಮೊದಲ ವರ್ಷ ಜೂನ್ ಒಂದರ ಬೆಳಿಗ್ಗೆ ನಾನೂರ ಮೂವತ್ತೆಂಟು ಜನಕ್ಕೆ ಒಮ್ಮೆಗೇ ಶುಭಾಶಯ ಹೋಯಿತು. ದಾವಲಸಾಬರಿಗೂ ಒಂದು ಬಂತು.

“ಏ ತಂಗಿ, ಇಡೀ ತಾಲೂಕಿಗೆ ಹೋಳಿಗಿ ಯಾರ ಮಾಡಸ್ತಾರ?” ಎಂದು ಫೋನಿನಲ್ಲಿ ನಕ್ಕರು. ಅವಳೂ ನಕ್ಕಳು. ಕಿಟಕಿಯ ಮುಂದೆ ನಿಂತವರೂ ನಕ್ಕರು. ಎಲ್ಲ ಕಣ್ಣೆದುರಿಗೇ ಇತ್ತು. ನಕ್ಕು ಬಿಟ್ಟುಬಿಟ್ಟರು. ಮರುವರ್ಷದಿಂದ ಶುಭಾಶಯ ನಿಲ್ಲಿಸಿದರು, ನನ್ನನ್ನು ಮಾತ್ರ ಹಾಗೇ ಇಟ್ಟರು.

ಇನ್ನು ಹೇಳಬೇಕಾದದ್ದನ್ನು ನೇರವಾಗಿ ಹೇಳುತ್ತೇನೆ. ಸುತ್ತಿ ಬಳಸಿ ಹೇಳಿದರೆ ಹಗುರವಾಗುವುದಿಲ್ಲ.

ಕೆಂಚನಹಾಳದಿಂದ ಒಬ್ಬಳು ಬಂದಳು. ಹೆಸರು ಫಕ್ಕೀರವ್ವ ಬಾರಕೇರ. ಎಡ ಎದೆಯಲ್ಲಿ ಗಂಟು. ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಆಕೆಯ ಪಾಳಿ ಗುರುವಾರ ಇತ್ತು. ಸಂತೆಗೆಂದು ಮಂಗಳವಾರವೇ ಬಂದವಳು, ಬಸ್ಸಿಗೆ ಮತ್ತೊಮ್ಮೆ ಯಾಕೆ ರೊಕ್ಕ ಕೊಡುವುದು ಎಂದು ಹಾಗೇ ಕಿಟಕಿಗೆ ಬಂದಳು. ಕೈಯಲ್ಲಿ ಮೆಂತ್ಯ ಸೊಪ್ಪಿನ ಚೀಲ. ಕಾರ್ಡ್ ಕೊಟ್ಟಳು. ದಾವಲಸಾಬ ಹೆಸರು ಒತ್ತಿದರು. ಒಂದೇ ಸಾಲು ಬಂತು. ಫಕ್ಕೀರವ್ವ ಬಾರಕೇರ, 01-06-1968. ಬೆರಳು ನನ್ನ ಮೇಲೆ ಬಂತು, ಕಾರ್ಡಿನ ಮೇಲೆ ಹೋಯಿತು, ಮತ್ತೆ ನನ್ನ ಮೇಲೆ ಬಂತು. ತಾಳೆಯಾಯಿತು.

ಆ ಸಾಲು ಆಕೆಯದಲ್ಲ. ಅದು ನೀರಲಗಟ್ಟಿಯ ಫಕ್ಕೀರವ್ವ ಬಾರಕೇರ ಎಂಬ ಇನ್ನೊಬ್ಬಳದು. ಅದೇ ಹೆಸರು, ಅದೇ ಅಡ್ಡಹೆಸರು, ಅದೇ ಎದೆಯ ಗಂಟು, ಅದೇ ಜೂನ್ ಒಂದು. ಕೆಂಚನಹಾಳದವಳ ವರದಿ ಇನ್ನೂ ಸಿದ್ಧವಾಗಿರಲಿಲ್ಲ, ಹಾಗಾಗಿ ಕ್ವೆರಿ ಅದನ್ನು ಕಳಿಸಿರಲಿಲ್ಲ. ಗಂಡನ ಹೆಸರು ಮತ್ತು ಊರು ನನ್ನ ಹಿಂದೆಯೇ ಮುಚ್ಚಿಕೊಂಡು ಕೂತಿದ್ದವು. ಅವು ಕಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಮೇಲಿನ ಡಾಕ್ಟರು ಕಾಗದ ನೋಡಿ, “ಏನೂ ಇಲ್ಲವ್ವ, ಬರೇ ಕೊಬ್ಬಿನ ಗಂಟು. ಆರಾಮ ಹೋಗು,” ಎಂದರಂತೆ. ಆಕೆ ಕೆಳಗಿಳಿದು ಬಂದು ಕಿಟಕಿಯ ಬಳಿ ನಿಂತು, “ಏನಿಲ್ಲ ಅಂದ್ರು ನೋಡ್ರಿ ಅಣ್ಣಾರ,” ಎಂದಳು. ಯಾರಿಗಾದರೂ ಹೇಳಬೇಕಿತ್ತು, ದಾವಲಸಾಬರಿಗೆ ಹೇಳಿದಳು. ಅವರು, “ಚೊಲೋ ಆತು ತಗೊ,” ಎಂದರು. ಆಕೆ ಅರ್ಧ ಮೆಂತ್ಯದ ಕಟ್ಟನ್ನು ಕಿಟಕಿಯಲ್ಲಿ ಇಟ್ಟು ಹೋದಳು.

ಶನಿವಾರ ನೀರಲಗಟ್ಟಿಯವಳು ಬಂದಳು. ಅಷ್ಟೊತ್ತಿಗೆ ಕೆಂಚನಹಾಳದವಳ ವರದಿ ಸಿದ್ಧವಾಗಿತ್ತು. ಮತ್ತೆ ಒಂದೇ ಸಾಲು, ಮತ್ತೆ 01-06-1968. ಬೆರಳು ಬಂತು, ಹೋಯಿತು, ಬಂತು. ಈ ಬಾರಿ ಕಾಗದದಲ್ಲಿದ್ದದ್ದು ಕ್ಯಾನ್ಸರ್.

ನಾನು ಸುಳ್ಳು ತೋರಿಸಲಿಲ್ಲ. ಎರಡು ಸಲವೂ ಉಗ್ರಾಣ ಕೊಟ್ಟದ್ದನ್ನೇ ಒಂದಂಕಿ ಹೆಚ್ಚುಕಡಿಮೆ ಇಲ್ಲದೆ ತೋರಿಸಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ. ಎರಡು ತಾರೀಖು ಒಂದೇ ಆಗಿದ್ದರೆ ಕಾಲಮ್ಮಿಗೆ ಏನು ಅನ್ನಿಸಬೇಕು?

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ನೀರಲಗಟ್ಟಿಯ ಫಕ್ಕೀರವ್ವ ಗಂಡ, ಮಗಳು, ಅಳಿಯ ಸಮೇತ ಕಿಟಕಿಗೆ ಬಂದಳು. ಹೊಸ ಇಳಕಲ್ ಸೀರೆ. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಮಾದಲಿ. ದಾವಲಸಾಬರು ಬೇಡವೆಂದರೂ ಬಿಡದೆ ಅವರ ಕೈಗೆ ಹಾಕಿದಳು.

“ನಿಮ್ಮ ಕೈಯಾಗ ಅವತ್ತ ಆ ಕಾಗದ ಇಸ್ಕೊಂಡಾಗ ಜೀವನ ಹೋಗಿತ್ರಿ ಅಣ್ಣಾರ. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕರಕೊಂಡು ಹ್ವಾದ್ರು. ಹೋಗೂ ಮುಂದ ದ್ಯಾವ್ರಿಗೆ ದೀಡ ನಮಸ್ಕಾರ ಬೇಡಿಕೊಂಡೆ. ಅಲ್ಲೆ ಮತ್ತ ಚೂರು ತಗದು ನೋಡಿದ್ರು. ಏನೇನೂ ಇಲ್ಲ ಅಂದ್ರು. ಮ್ಯಾಲಿಂದ ಮ್ಯಾಲೆ ಹೊತ್ತುಕೊಂಡು ಹೋಗ್ಯಾನ ನನ್ನಪ್ಪ.”

ಗಂಡ ತಲೆಯಾಡಿಸಿದ. ಅಳಿಯ, “ಡಾಕ್ಟರ ಅಂದ್ರು, ಹಿಂಗ ಆಗೂದಿಲ್ಲ ಅಂತ,” ಎಂದ. ಎಲ್ಲರ ಮುಖದಲ್ಲೂ ಸಂತೋಷ.

ದಾವಲಸಾಬರ ಬಾಯಲ್ಲಿ ಮಾದಲಿ ಇತ್ತು. ಅವರು ಅದನ್ನು ನುಂಗಲಿಲ್ಲ. “ಒಂದೀಟು ತಡೀರಿ,” ಎಂದು ಹೇಗೋ ಅಂದರು. ಕೊಟ್ಟು ಮುಗಿದ ವರದಿಗಳನ್ನೂ ತೋರಿಸುವ ಗುಂಡಿ ಒತ್ತಿದರು. ಹೆಸರು ಒತ್ತಿದರು. ಈಗ ಎರಡು ಸಾಲು ಬಂದವು, ಒಂದರ ಕೆಳಗೆ ಒಂದು. ನನ್ನಲ್ಲಿ ಎರಡು ಸಲ 01-06-1968. ಅವರ ಬೆರಳು ಮೊದಲ ಸಾಲಿನಿಂದ ಎರಡನೆಯದಕ್ಕೆ ಇಳಿಯಿತು. ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು.

“ಯಾಕ್ರಿ ಅಣ್ಣಾರ, ಸಿಹಿ ಹೆಚ್ಚಾತೇನು?” ಎಂದು ಫಕ್ಕೀರವ್ವ ಕೇಳಿದಳು.

“ಇಲ್ಲವ್ವ. ಚೊಲೋ ಆಗೇತಿ,” ಎಂದರು ಅವರು.

ನನಗೆ ಮೊದಲ ಬಾರಿಗೆ ನಾಚಿಕೆಯಾದದ್ದು ಆಗ. ಅದಕ್ಕಿಂತ ಮುಂಚೆ ಆಗಿದ್ದರೆ ಏನಾದರೂ ಉಪಯೋಗವಿತ್ತೋ ಏನೋ, ಗೊತ್ತಿಲ್ಲ. ನಾಚಿಕೆಯಾದರೂ ಅಂಕಿ ಬದಲಾಗುವುದಿಲ್ಲ.

ಮರುದಿನ ಶೈಲಜಾ ಬಂದಳು. ಮುಚ್ಚಿದ ಎರಡು ಕಾಲಂಗಳನ್ನು ತೆರೆದಳು. ಒಂದು ಸಾಲಿನಲ್ಲಿ ‘ಗಂ. ಬಸಪ್ಪ, ನೀರಲಗಟ್ಟಿ’. ಇನ್ನೊಂದರಲ್ಲಿ ‘ಗಂ. ದುರಗಪ್ಪ, ಕೆಂಚನಹಾಳ’.

“ನೀವು ಕೇಳಿದ್ರಿ ಕಾಕಾ,” ಎಂದಳು. “ಒಂದ ಹೆಸರಿನವರು ಬಂದ್ರ ಅಂತ ಅವತ್ತ ಕೇಳಿದ್ರಿ.”

“ಕೇಳಿ ಸುಮ್ಮನಾದ್ನೆಲ್ಲ. ಸುಮ್ಮನಾದಾಂವ ನಾನ.”

ಆಡಳಿತಾಧಿಕಾರಿ ಸಂಕಣ್ಣವರ ಅವರ ಕೋಣೆಗೆ ಇಬ್ಬರೂ ಹೋಗಿ ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನದ ಮನುಷ್ಯ ಆತ. ‘ಮರುಪರೀಕ್ಷೆಗೆ ಬರತಕ್ಕದ್ದು’ ಎಂದು ಕೆಂಚನಹಾಳದವಳಿಗೆ ಅಂಚೆಯಲ್ಲಿ ಒಂದು ಪತ್ರ ಹಾಕಿದರೆ ಸಾಕು, ಯಾಕೆ ಏನು ಎಂದು ಬರೆಯುವುದು ಬೇಡ ಎಂದರಂತೆ. ಪತ್ರ ಹೋಯಿತು. ಎರಡು ದಿನ ದಾವಲಸಾಬ ಕಿಟಕಿಯಲ್ಲಿ ಕೂತು ಕೆಲಸ ಮಾಡಿದರು. ಪ್ರತಿಯೊಬ್ಬರಿಗೂ ಊರು ಕೇಳಿದರು, ಗಂಡನ ಹೆಸರು ಕೇಳಿದರು, ಎರಡೆರಡು ಸಲ ಕೇಳಿದರು. ಜನ ಬೈದರು.

“ಅಕಿಗೆ ಓದಾಕ ಬರೂದಿಲ್ಲ ತಂಗಿ,” ಎಂದರು ಶನಿವಾರ ಶೈಲಜಾಳಿಗೆ ಫೋನಿನಲ್ಲಿ. “ಪತ್ರ ಯಾರ ಓದಿ ಹೇಳ್ತಾರ? ಹೇಳಿದ್ರೂ ಯಾಕ ಬರ್ತಾಳ? ಏನಿಲ್ಲ ಅಂತ ನಾವ ಹೇಳೇವಿ. ನಾಳೆ ನಾನ ಹೊಕ್ಕೇನಿ.”

ಹೋದರು. ನಾನು ಪರದೆ ಬಿಟ್ಟು ಎಲ್ಲಿಗೂ ಹೋಗಲಾರೆ, ಆದ್ದರಿಂದ ಸೋಮವಾರ ಅವರು ಶೈಲಜಾಳಿಗೆ ಹೇಳಿದ್ದನ್ನಷ್ಟೇ ಹೇಳುತ್ತೇನೆ.

“ಮನಿ ಹುಡುಕೂದು ತ್ರಾಸ ಆಗಲಿಲ್ಲ. ಅಕಿ ರೊಟ್ಟಿ ಬಡಿಯಾಕತ್ತಿದ್ಲು. ಕುಂಡ್ರಿಸಿ ನೀರು ಕೊಟ್ಲು. ಆ ಕಾಗದನ ಲ್ಯಾಮಿನೇಶನ್ ಮಾಡಿಸಿ ದೇವರ ಜಗಲಿ ಮ್ಯಾಲಿಟ್ಟಾಳ. ದಿನಾ ಕುಂಕುಮ ಹಚ್ಚತಾಳಂತ. ನಾನು ಹೇಳಿದೆ, ಅವ್ವಾ ಅದು ನಿಂದಲ್ಲ ಅಂತ. ಅಕಿಗೆ ತಿಳೀಲಿಲ್ಲ. ನನ್ನ ಹೆಸರ ಐತಿ, ನನ್ನ ತಾರೀಖ ಐತಿ, ನಂದಲ್ಲಂದ್ರ ಯಾರದು ಅಂದ್ಲು. ತಿಳಿಸಿ ಹೇಳಿದೆ. ಹೇಳೋತನಕಾ ರೊಟ್ಟಿ ಹಂಚಿನ ಮ್ಯಾಲ ಇತ್ತು. ಸುಟ್ಟು ಹೋತು. ಗಂಡ ಒಂದ ಮಾತು ಕೇಳಿದ. ನಮ್ಮವು ಎಷ್ಟು ದಿನ ಹ್ವಾದು ಅಂತ.”

“ನೀವೇನಂದ್ರಿ?”

“ಎಪ್ಪತ್ತೊಂದು ಅಂದೆ.”

ನಾನು ತಾರೀಖುಗಳನ್ನು ಇಟ್ಟುಕೊಂಡವನು, ಎರಡು ತಾರೀಖಿನ ನಡುವೆ ಎಷ್ಟು ದಿನ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆತ ಕೇಳಿದ್ದ.

ಬುಧವಾರ ಆಕೆ ಬಂದಳು. ರೋಗ ಕಂಕುಳಿಗೂ ಹಬ್ಬಿತ್ತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಖರ್ಚನ್ನು ಆಸ್ಪತ್ರೆ ವಹಿಸಿಕೊಂಡಿತು. ಆಮೇಲೆ ವಿಚಾರಣೆ ನಡೆಯಿತು. ಕಿಟಕಿಗೆ ಅಗಲವಾದ ಹೊಸ ಪರದೆ ಬಂತು. ದಾವಲಸಾಬರನ್ನು ಹಿಂದುಗಡೆಯ ದಾಖಲೆ ಕೋಣೆಗೆ ಎತ್ತಂಗಡಿ ಮಾಡಿದರು. ಕಿಟಕಿಯಲ್ಲಿ ಈಗ ಹೊಸ ಹುಡುಗಿ. ರೋಗಿಯ ಕೈಗೆ ಸಂಖ್ಯೆ ಬರೆದ ಪಟ್ಟಿ ಕಟ್ಟುತ್ತಾರೆ, ಒಗೆದರೂ ಹೋಗುವುದಿಲ್ಲ. ನನ್ನನ್ನು ಶೈಲಜಾ ಅಲ್ಲಿ ಮುಚ್ಚಿಬಿಟ್ಟಳು. ಮುಚ್ಚುವುದಕ್ಕೆ ಒಂದೇ ಪದ. ನನಗೆ ಬೇಜಾರಾಗಲಿಲ್ಲ. ಮುಚ್ಚಿದ್ದು ಸರಿಯಾಯಿತು ಅನ್ನಿಸಿತು.

ಆದರೆ ದಾಖಲೆ ಕೋಣೆಯಲ್ಲಿ ನಾನು ಬೇಕಾದೆ. ಅಲ್ಲಿನ ಕೆಲಸ ಮರಣದ ದಾಖಲೆ ಬರೆಯುವುದು. ಆ ಗ್ರಿಡ್‌ನಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ನಾನು, ನನ್ನ ಬಲಕ್ಕೆ ‘ಮರಣ ದಿನಾಂಕ’. ಅದಕ್ಕೂ ನನ್ನಷ್ಟೇ ಅಗಲ, ನನ್ನದೇ ಅಚ್ಚು. ಮಾತು ಕಡಿಮೆ. ಹೀಗೆ ನಾನು, ದಾವಲಸಾಬ ಇಬ್ಬರೂ ಜನರೇಟರ್ ಪಕ್ಕದ ಒಂದೇ ಕೋಣೆಗೆ ಬಂದು ಬಿದ್ದೆವು. ಸದ್ದು ಜಾಸ್ತಿ, ಜನ ಕಡಿಮೆ. ಬಂದವರು ಅವಸರ ಮಾಡುವುದಿಲ್ಲ.

ಕೆಂಚನಹಾಳದ ಫಕ್ಕೀರವ್ವ ತಿಂಗಳಿಗೊಮ್ಮೆ ಇಂಜೆಕ್ಷನ್ನಿಗೆ ಬರುತ್ತಿದ್ದಳು. ಬಂದಾಗಲೆಲ್ಲ ದಾಖಲೆ ಕೋಣೆಯ ಬಾಗಿಲಲ್ಲಿ ಬಂದು ಕೂರುತ್ತಿದ್ದಳು. ಯಾಕೆ ಬರುತ್ತಿದ್ದಳೋ. ಬೈಯಲಿಕ್ಕೆ ಎಂದು ಮೊದಲ ಸಲ ದಾವಲಸಾಬ ಎದ್ದು ನಿಂತಿದ್ದರು. ಆಕೆ ಬೈಯಲಿಲ್ಲ. ಕೂದಲು ಉದುರಿದ್ದಕ್ಕೆ ತಲೆಗೆ ಗಂಡನ ಟವೆಲ್ ಸುತ್ತಿಕೊಂಡಿದ್ದಳು. ನೀರು ಕೇಳಿ ಕುಡಿದಳು.

“ನಂಗ ಬೇಕಾದ್ರ ಬೈಯವ್ವ,” ಎಂದರು ಒಮ್ಮೆ ದಾವಲಸಾಬ.

“ನಿಮಗ ಬೈದ್ರ ಇದು ಹೊಕ್ಕತೇನ್ರಿ?” ಎಂದಳು. “ಬೈಬೇಕಂತನ ಮನ್ಯಾಗ ಎದ್ದಿರತೇನಿ. ಬಸ್ ಹತ್ತೂದರಾಗ ಸಾಕಾಗತೈತಿ.”

ಮತ್ತೊಂದು ಸಲ ಬಂದಾಗ ಬಹಳ ಸೊರಗಿದ್ದಳು. ಬಾಗಿಲಿಗೆ ಒರಗಿ ಕೂತು, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಆ ಇನ್ನೊಬ್ಬಾಕಿ ಫಕ್ಕೀರವ್ವ ಹೆಂಗದಾಳ್ರಿ?”

“ಚೊಲೋ ಅದಾಳ. ಮಗಳ ಬಾಣಂತನ ಮಾಡಾಕತ್ಯಾಳಂತ.”

“ಅಕಿಗೆ ಗೊತ್ತೈತೇನು ನನ್ನ ಸುದ್ದಿ?”

“ಹೇಳಿಲ್ಲವ್ವ.”

“ಹೇಳಬ್ಯಾಡ್ರಿ. ದ್ಯಾವ್ರು ಮಾಡ್ಯಾನ ಅಂತ ತಿಳಕೊಂಡಾಳಲ್ಲ, ಹಂಗ ಇರ್ಲಿ. ಇಬ್ಬರಾಗ ಒಬ್ಬಾಕಿಯರ ಸಂತೋಷದಿಂದ ಇರ್ಲಿ.”

ದಾವಲಸಾಬ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಆಕೆ ಎದ್ದು ಹೋದ ಮೇಲೂ ಒರೆಸುತ್ತಿದ್ದರು. ಆವತ್ತು ನನಗೆ ಅಳು ಬರುವುದಿದ್ದರೆ ಬರಬೇಕಿತ್ತು, ಬರಲಿಲ್ಲ.

ಆ ವರ್ಷ ಮೇ ಮೂವತ್ತೊಂದಕ್ಕೆ ಆಸ್ಪತ್ರೆಯಲ್ಲಿ ನಾಲ್ವರು ಒಮ್ಮೆಗೇ ನಿವೃತ್ತರಾದರು. ನಾಲ್ವರಿಗೂ ಹಾರ, ಶಾಲು, ಒಂದೇ ವೇದಿಕೆ. ಎಲ್ಲರೂ ಜೂನ್ ಒಂದರವರೇ. ದಾವಲಸಾಬರದು ಇನ್ನೂ ಎರಡು ವರ್ಷ ಬಾಕಿ ಇತ್ತು. ಅವರು ವೇದಿಕೆಯ ಹತ್ತಿರ ಹೋಗಲಿಲ್ಲ. ಕೋಣೆಯಲ್ಲೇ ಕೂತು ಹಳೆಯ ಸಾಲುಗಳಲ್ಲಿ ನನ್ನ ಅಂಕಿಗಳನ್ನು ನೋಡುತ್ತಿದ್ದರು. ಜೂನ್ ಒಂದು, ಜೂನ್ ಒಂದು, ಜನವರಿ ಒಂದು, ಜೂನ್ ಒಂದು. ಸತ್ತವರಲ್ಲೂ ಅಷ್ಟೇ.

ಈಗ ನನಗೆ ವಯಸ್ಸಾಯಿತು. ಸಾಫ್ಟ್‌ವೇರಿಗೆ ಏಳು ವರ್ಷ ಎಂದರೆ ಮುಪ್ಪು. ಬೇರೆ ಕಂಪನಿಯ ಹೊಸದು ಬರುತ್ತದಂತೆ, ನಮ್ಮನ್ನೆಲ್ಲ ಒಂದು ಡಿಸ್ಕಿಗೆ ತುಂಬಿ ಬೀರುವಿನಲ್ಲಿ ಇಡುತ್ತಾರಂತೆ. ಆಗಲಿ. ಮನುಷ್ಯರನ್ನು ಗುರುತಿಸಲು ನನ್ನನ್ನು ನಂಬಬಾರದಿತ್ತು, ನಂಬಿದರು. ನನ್ನದು ಎನ್ನುವ ತಪ್ಪು ಹುಡುಕಿದರೆ ಸಿಗುವುದಿಲ್ಲ. ಹುಡುಕಿ ಹುಡುಕಿ ಬಿಟ್ಟಿದ್ದೇನೆ. ಬೀರುವಿಗೆ ಹೋಗುವ ಮುಂಚೆ ಒಂದು ದಿನದ ಮಾತು ಉಳಿದಿದೆ, ಅದನ್ನು ಹೇಳಿ ಮುಗಿಸುತ್ತೇನೆ.

ದುರಗಪ್ಪ ಬಂದ. ಫಕ್ಕೀರವ್ವನ ಗಂಡ. ಗೌಂಡಿ ಕೆಲಸದವನು, ಅಕ್ಷರ ಬಾರದು, ಅಳತೆಯ ಅಂಕಿ ಓದುತ್ತಾನೆ. ಅಂಗಿಯ ಮೇಲೆ ಸುಣ್ಣದ ಕಲೆ ಇರಲಿಲ್ಲ, ಒಗೆದ ಅಂಗಿ ಹಾಕಿಕೊಂಡಿದ್ದ. ದಾವಲಸಾಬ ಅವನನ್ನು ನೋಡಿ ಎದ್ದರು. ಕೇಳಲಿಲ್ಲ. ಕುರ್ಚಿ ಎಳೆದು ಕೂರಿಸಿ, ಹೆಸರು ಒತ್ತಿದರು. ಎರಡು ಸಾಲು ಬಂದವು. ಗಂಡನ ಹೆಸರು ನೋಡಿದರು, ಊರು ನೋಡಿದರು, ಬಾಯಿಬಿಟ್ಟು ಓದಿದರು: “ಗಂಡ ದುರಗಪ್ಪ. ಕೆಂಚನಹಾಳ.”

“ಹೌದ್ರಿ.”

“ಯಾವತ್ತು?”

“ಮೊನ್ನಿ ಸೋಮವಾರ. ಮುಂಜಾನಿ.”

ದಾವಲಸಾಬ ಕ್ಯಾಲೆಂಡರ್ ನೋಡಿ, ಒಂದೊಂದೇ ಅಂಕಿ ಒತ್ತಿದರು. ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಯಾಯಿತು. ನನ್ನ ಪಕ್ಕದ ಮನೆ ತುಂಬಿತು. ಆಮೇಲೆ ಅವರು ಪರದೆಯನ್ನು ದುರಗಪ್ಪನ ಕಡೆ ತಿರುಗಿಸಿದರು. “ನೋಡಿ ಹೇಳಪಾ. ನೀನು ಹೂಂ ಅಂದ್ರನ ನಾನು ಒತ್ತತೇನಿ.”

ದುರಗಪ್ಪ ಬಗ್ಗಿ ನೋಡಿದ. ಒರಟು ಬೆರಳನ್ನು ನನ್ನ ಮೇಲೆ ಇಟ್ಟ. “ಇದೇನ್ರಿ?”

“ಹುಟ್ಟಿದ ತಾರೀಖು.”

“ಇದನ್ನ ಬಿಡ್ರಿ. ಮಾಸ್ತರು ಬರದದ್ದು ಇದು. ಅಕಿಗೂ ಗೊತ್ತಿರಲಿಲ್ಲ.” ಬೆರಳು ನನ್ನನ್ನು ದಾಟಿ ಪಕ್ಕಕ್ಕೆ ಹೋಯಿತು. ಅಲ್ಲಿಯ ಅಂಕಿಗಳನ್ನು ಒಂದೊಂದಾಗಿ ಓದಿಕೊಂಡ. “ಇದು ಖರೇ ಐತಿ. ತೆಲಿ ನನ್ನ ತೊಡಿ ಮ್ಯಾಲಿತ್ತು.”

ದಾವಲಸಾಬ ಒತ್ತಿದರು. ಯಂತ್ರದಿಂದ ಕಾಗದ ಬಂತು. ದುರಗಪ್ಪ ಅದನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಅವನು ಹೋದ ಮೇಲೂ ಸಾಲು ಪರದೆಯ ಮೇಲೆ ಹಾಗೇ ಇತ್ತು. ನಾನು ಸರಿಯಾಗಿ ಮಧ್ಯಕ್ಕೆ, 01-06-1968 ಎಂದು ತೋರಿಸುತ್ತಿದ್ದೆ.